ಚಕ್ರದ ಒಳಗುಟ್ಟು

ಗಾಡಿಯ ಗಾಲಿ ಎಲ್ಲರ ಕಣ್ಣಿಗೂ ಬೀಳುತ್ತದೆ; ಅದನ್ನು ಹೊತ್ತು ತಿರುಗಿಸುವ ಬೇರಿಂಗು ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಸಾರದಲ್ಲಿಯೂ ಹೀಗೆಯೇ ಅಲ್ಲವೆ? ಭಾರ ಹೊರುವವರು ಒಳಗಿರುತ್ತಾರೆ.

ನಮ್ಮ ಮನೆಯ ಕ್ವಾಲಿಸ್ ೨೦೦೪ರದು. ಬಿಡದಿಯ ಕಾರ್ಖಾನೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಅದೂ ನಮ್ಮಂತೆಯೇ ಹೊರನಾಡ ಕನ್ನಡಿಗ. ಆ ಮಾದರಿಯ ತಯಾರಿಕೆ ೨೦೦೫ರಲ್ಲಿಯೇ ನಿಂತಿತು. "ಇನ್ನಾದರೂ ಮಾರಿಬಿಡಿ" ಎಂದು ಹಿತೈಷಿಗಳು ಹೇಳುತ್ತಲೇ ಇದ್ದಾರೆ. ಆದರೆ ಎಂಬತ್ತು ದಾಟಿದ ನಮ್ಮ ತಾಯಿಯವರು ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರರು. ಈ ಗಾಡಿಯ ನಡುವಿನ ಸೀಟಿನಲ್ಲಿ ಕಾಲು ಚಾಚಿ ಕುಳಿತರೆ ಧಾರವಾಡದವರೆಗಿನ ೪೦೦ಕ್ಕೂ ಹೆಚ್ಚು ಕಿಲೋಮೀಟರನ್ನು ನಿಶ್ಚಿಂತೆಯಿಂದ ಕಳೆಯುತ್ತಾರೆ. ಗಾಡಿ ಹೋದರೆ ಅವರ ಪಾಲಿಗೆ ಊರೂ ಹೋದಂತೆಯೇ.

೨೦೨೩ರ ದೀಪಾವಳಿಗೆ ಹೊರಡಲು ನಾಲ್ಕು ದಿನವಿರುವಾಗ ಮುಂದಿನ ಗಾಲಿಯಿಂದ ಗುಂಯ್ ಎಂಬ ಸದ್ದು ಹೊರಟಿತು. ವೇಗ ಏರಿದಂತೆ ಸದ್ದೂ ಏರುವುದು; ಎಡಕ್ಕೆ ತಿರುಗಿದಾಗ ಇನ್ನೂ ಜೋರು. ಎಡಕ್ಕೆ ತಿರುಗುವಾಗ ಭಾರವು ಬಲಗಾಲಿಯ ಮೇಲೆ ವಾಲುತ್ತದೆ, ಆದುದರಿಂದ ದೋಷ ಬಲಗಡೆಯದು ಎಂದ ಮೇಸ್ತ್ರಿ. ಜಾಕಿನಿಂದ ಎತ್ತಿ, ಗಾಲಿಯನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಲಟಲಟ ಎಂದಿತು. ಹಬ್ಬ ಮುಗಿಸಿ ಬಂದು ಮಾಡೋಣವೆನ್ನುವಂತಿರಲಿಲ್ಲ. ಸವೆದ ಬೇರಿಂಗು ಕಾದು ಬಿಗಿದುಕೊಂಡರೆ ದಾರಿಯಲ್ಲಿ ಗಾಲಿಯೇ ಕಳಚೀತು.

ಇಂಥ ಗಾಡಿಯ ಮುಂದಿನ ಗಾಲಿಯಲ್ಲಿ ಒಳಗೊಂದು, ಹೊರಗೊಂದು ಟೇಪರ್ ರೋಲರ್ ಬೇರಿಂಗು ಇರುತ್ತದೆ. ಉರುಳೆಗಳು ಓರೆಯಾಗಿರುವುದರಿಂದ ಮೇಲಿನ ಭಾರವನ್ನೂ ತಿರುವಿನ ಅಡ್ಡ ಒತ್ತಡವನ್ನೂ ತಾಳುತ್ತವೆ. ೧೮೯೮ರಲ್ಲಿ ಇದಕ್ಕೆ ಪೇಟೆಂಟು ಪಡೆದ ಅಮೆರಿಕದ ಹೆನ್ರಿ ಟಿಮ್ಕೆನ್ ಕುದುರೆಗಾಡಿಗಳನ್ನು ಮಾಡುತ್ತಿದ್ದವನು. ಇದನ್ನು ಕೇಳಿ ತಾಯಿಯವರು, "ಅಂದ್ರ ಗಾಡಿ ಮಾಡಾವನ ಬುದ್ಧೀನ ಇದು! ನಿಮ್ಮ ಅಪ್ಪಾರೂ ಚಕ್ಕಡಿ ಹೂಡೂ ಮುಂದ ಮೊದಲ ಕೀಲೆಣ್ಣಿ ನೋಡತಿದ್ರು, ಆಮ್ಯಾಲ ಬುತ್ತಿ ಗಂಟು" ಎಂದರು.

ನಾನಾ ಪೇಠದ ಅಂಗಡಿಯೊಂದರಲ್ಲಿ ಎರಡು ಡಬ್ಬಿಗಳು ಮುಂದೆ ಬಂದುವು. ಒಂದು ಹೆಸರಾಂತ ತಯಾರಕರದು. ಇನ್ನೊಂದು ಹೆಸರಿಲ್ಲದ್ದು, ಅರ್ಧ ಬೆಲೆಗೆ. ಎರಡೂ ಫಳಫಳ ಹೊಳೆಯುತ್ತಿದ್ದುವು. ಹೊಳಪಿನಿಂದ ಉಕ್ಕಿನ ಗುಣ ತಿಳಿಯುವುದೆ? ಅಗ್ಗದ್ದರಿಂದ ಉಳಿಯುವುದು ಕೆಲವು ನೂರು ರೂಪಾಯಿ. ಪಣಕ್ಕಿಡುವುದು ಹಿಂದೆ ಕುಳಿತ ತಾಯಿಯನ್ನು. ಹೆಸರಾಂತದ್ದನ್ನೇ, ಬಿಲ್ಲು ಬರೆಸಿ ಕೊಂಡೆ.

ಹಳೆಯ ಗಾಡಿಯುಳ್ಳ ಬಂಧುಗಳಿಗೆ ಎರಡು ಮಾತು. ಅಂಗಡಿಯಲ್ಲಿ ಗಾಡಿಯ ಹೆಸರೊಂದನ್ನೇ ಹೇಳಬೇಡಿ. ಹಳೆಯ ಬೇರಿಂಗನ್ನು ಕೊಂಡೊಯ್ದು ಅದರ ಬಳೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ಸರಿನೋಡಿ. ಒಳಬಳೆಯೊಡನೆ ಹೊರಬಳೆಯನ್ನೂ ಬದಲಿಸಿ. ಸವೆದ ಹೊರಬಳೆಯಲ್ಲಿ ಹೊಸ ಉರುಳೆ ಬಹುಕಾಲ ಬಾಳದು. ಗ್ರೀಸ್ ಸೀಲನ್ನೂ ಹೊಸದಾಗಿಯೇ ಹಾಕಿಸಿ, ನೀರು ಧೂಳು ಒಳಹೊಕ್ಕರೆ ಒಳ್ಳೆಯ ಬೇರಿಂಗೂ ಕೆಡುತ್ತದೆ. ಈಚಿನ ಬಹಳಷ್ಟು ಗಾಡಿಗಳಲ್ಲಿ ಬೇರಿಂಗೂ ಹಬ್ಬೂ ಕೂಡಿದ ಮುಚ್ಚಿದ ಘಟಕವೇ ಇರುತ್ತದೆ. ಅದನ್ನು ಬಿಚ್ಚಿ ಗ್ರೀಸು ತುಂಬುವಂತಿಲ್ಲ, ಇಡಿಯಾಗಿ ಬದಲಿಸಬೇಕು.

ಮೇಸ್ತ್ರಿ ಉರುಳೆಗಳ ಸಂದುಗೊಂದಿಗೆಲ್ಲ ಗ್ರೀಸನ್ನು ಅಂಗೈಯಿಂದ ಒತ್ತಿ ತುಂಬಿದ. ಗಾಲಿ ತಿರುಗಿಸುತ್ತ ನಟ್ಟನ್ನು ಬಿಗಿದು, ಮತ್ತೆ ತುಸು ಸಡಿಲಿಸಿ, ಹೊಸ ಪಿನ್ನು ಸಿಕ್ಕಿಸಿದ. ತೀರ ಬಿಗಿದರೆ ಕಾಯುತ್ತದೆ, ಸಡಿಲಬಿಟ್ಟರೆ ಅಲುಗುತ್ತದೆ. ಎಡಗಾಲಿಯನ್ನೂ ಬಿಚ್ಚಿ ನೋಡಿ ಗ್ರೀಸು ಬದಲಿಸಿದ.

ಗೊತ್ತಾದ ದಿನವೇ ಹೊರಟೆವು. ಖಂಬಾಟಕಿ ಘಾಟಿನ ತಿರುವುಗಳಲ್ಲಿ ನಾನು ಗಾಜು ಇಳಿಸಿ ಕಿವಿಗೊಟ್ಟೆ. ಗಾಲಿಯ ಸದ್ದಿಲ್ಲ. ಹಿಂದಿನ ಸೀಟಿನಿಂದ ತಾಯಿಯವರ ಗೊರಕೆ ಮಾತ್ರ ಕೇಳಿಬರುತ್ತಿತ್ತು.