ಸುಮ್ಮನೆ ಸೈಕಲ್ ಹೊಡೆಯುವವರು

ಎಂಟನೇ ಕ್ಲಾಸಿನಲ್ಲಿ ಸರ್ಕಾರಿ ಸೈಕಲ್ ಪಡೆದ ತಲೆಮಾರು ನಮ್ಮದು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಕಾಲಕ್ಕೆ ನಿಂತಿತು. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಓದಿದ ನಮ್ಮಂಥವರ ಮನೆಯ ಹಿತ್ತಿಲಲ್ಲಿ ಇವತ್ತಿಗೂ ಅದರ ಅಸ್ಥಿಪಂಜರ ಸಿಗುತ್ತದೆ. ಕೆಲವು ಮನೆಗಳಲ್ಲಿ ಅದು ಕುಂಬಳಬಳ್ಳಿಗೆ ಆಸರೆಯಾಗಿ ನಿಂತಿದೆ.

ಆ ಸೈಕಲ್ ಕೆಲಸವಿಲ್ಲದೆ ಎಲ್ಲಿಗೂ ಹೋದದ್ದಿಲ್ಲ. ಬೆಳಿಗ್ಗೆ ಡೇರಿಗೆ ಹಾಲು, ಆಮೇಲೆ ಹೈಸ್ಕೂಲು, ಸಂಜೆ ಗಿರಣಿಗೆ ರಾಗಿ, ಬರುವಾಗ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ. ಸುಮ್ಮನೆ ಒಂದು ಸುತ್ತು ಹೊಡೆದು ಬರುತ್ತೇವೆ ಅಂದರೆ ಮನೆಯಲ್ಲಿ ಬೈಗುಳ ಕಾದಿರುತ್ತಿತ್ತು: "ಮಾಡಕ್ಕೆ ಕೆಲ್ಸ ಇಲ್ವಾ? ಟೈರ್ ಯಾಕೆ ಸವೆಸ್ತೀಯ?" ಹಾಗಾಗಿ ಸುಮ್ಮನೆ ಸೈಕಲ್ ಹೊಡೆಯುವುದು ಎಂಬ ವಿದ್ಯೆಯನ್ನು ನಾವು ಬೆಂಗಳೂರಿಗೆ ಬಂದ ಮೇಲೆ ಕಲಿಯಬೇಕಾಯಿತು.

ನಾವು ಅಂದರೆ ಒಂದೇ ಬ್ಯಾಚಿನ ನಾಲ್ವರು. ಸಿರಾ, ಸಾಗರ, ಕೊಪ್ಪಳ, ಚಾಮರಾಜನಗರದ ಕಡೆಯವರು. ನಾಲ್ಕು ಬೇರೆ ಬೇರೆ ಕಡೆ ಡೆಸ್ಕಿನಲ್ಲಿ ಕೂರುವ ನಮಗೆ ವಾರದ ರಜೆ ಒಂದೇ ದಿನ ಸಿಗುವುದು ಅಪರೂಪ. ಸಿಕ್ಕ ದಿನ ಯಲಹಂಕ ಉಪನಗರದಲ್ಲಿ ಸೇರುತ್ತೇವೆ. ಎರಡು ಸೆಕೆಂಡ್ ಹ್ಯಾಂಡ್ ಸೈಕಲ್, ಒಂದು ಗೆಳೆಯನದು, ಒಂದು ಓನರ್ ಮಗನದು. ಗಂಟೆಗೆ ಹತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗಬಾರದು, ಚಹಾದ ಅಂಗಡಿ ಕಂಡರೆ ದಾಟಬಾರದು, ದಾರಿಯಲ್ಲಿ ಯಾರಾದರೂ ಮಾತಿಗೆ ಸಿಕ್ಕರೆ ಗಡಿಯಾರ ನೋಡಬಾರದು. ನಿಯಮ ಇಷ್ಟೇ.

ಯಲಹಂಕದಿಂದ ಹೆಬ್ಬಾಳದ ಕಡೆಗೆ ನೇರವಾಗಿ ಹೋಗಬೇಕೆಂದರೆ ಬಳ್ಳಾರಿ ರಸ್ತೆ ಇದೆ. ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳ ರಸ್ತೆ ಅದು. ಅಲ್ಲಿ ಸೈಕಲ್ಲಿನವನು ಸರ್ವಿಸ್ ರಸ್ತೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕು. ಅದನ್ನು ಬಿಟ್ಟು ಕೆರೆಗಳನ್ನು ಹಿಡಿದು ಹೋದರೆ ಬೇರೆಯೇ ಊರು ಕಾಣುತ್ತದೆ. ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ. ಹಳ್ಳಿಯಲ್ಲಿ ಬೆಳೆದವರಿಗೆ ಈ ದಾರಿಯ ಲೆಕ್ಕ ಬೇಗ ಸಿಗುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ನೀರು ಇಳಿಜಾರು ನೋಡಿ ಹೋಗುತ್ತದೆ, ನಾವೂ ಹಾಗೆಯೇ. ಹೋಗುವಾಗ ಪೆಡಲು ಹಗುರ, ಬರುವಾಗ ತೊಡೆ ನೋಯುತ್ತದೆ.

ಜಕ್ಕೂರು ಕೆರೆಯ ಬಳಿ ಸೈಕಲ್‌ಗಳನ್ನು ಹೊರಗೆ ಬೀಗ ಹಾಕಿ ನಿಲ್ಲಿಸಿ ಏರಿ ಹತ್ತಿದೆವು. ಸುಮಾರು 160 ಎಕರೆಯ ಕೆರೆ. ಈ ಕೆರೆಗೆ ಈಗ ಮಳೆ ನೀರಿಗಿಂತ ಹೆಚ್ಚು ಆಧಾರ ನಗರದ ಕೊಳಚೆ ನೀರೇ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಶುದ್ಧೀಕರಣ ಘಟಕ ಮೇಲ್ಭಾಗದಲ್ಲಿದೆ. ಅಲ್ಲಿ ಸಂಸ್ಕರಿಸಿದ ನೀರು ನೇರವಾಗಿ ಕೆರೆಗೆ ಬೀಳದೆ, ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕವನ್ನು ಜೊಂಡು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲೂ ಕೆರೆ ತುಂಬಿರುವುದರ ಗುಟ್ಟು ಇದು. ಹೆಜ್ಜಾರ್ಲೆಗಳು ದೋಣಿಗಳ ಹಾಗೆ ತೇಲುತ್ತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದವು. ಪಕ್ಕದ ಏರೋಡ್ರೋಮಿನಿಂದ ಒಂದು ಪುಟ್ಟ ವಿಮಾನ ಗುಂಯ್‌ಗುಟ್ಟುತ್ತ ಎದ್ದರೂ ಯಾವ ಹಕ್ಕಿಯೂ ಕತ್ತೆತ್ತಲಿಲ್ಲ.

ಇಲ್ಲಿ ಮೀನು ಹಿಡಿಯುವವರಿದ್ದಾರೆ. ಜೌಗಿನ ಕಡೆ ಹುಲ್ಲು, ಜೊಂಡು ಕೊಯ್ದು ದನಗಳಿಗೆ ಒಯ್ಯುವವರೂ ಇದ್ದಾರೆ. ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ಏರಿಯ ಕೆಳಗೆ ಸುಧಾರಿಸಿಕೊಳ್ಳಲು ನಿಂತಿದ್ದರು. ಹೊರೆ ಇಳಿಸಲು ಕೈ ಕೊಟ್ಟೆವು.

"ಎಷ್ಟು ಹಸು ಅಜ್ಜಿ?"

"ಆರಿದ್ವು ಕಣಪ್ಪ. ಈಗ ಎರಡು. ಕಟ್ಟಕ್ಕೆ ಜಾಗ ಎಲ್ಲೈತೆ?"

ಅವರ ಹೊಲ ಲೇಔಟ್ ಆಯಿತಂತೆ. ಬಂದ ದುಡ್ಡಲ್ಲಿ ಮಕ್ಕಳು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಊಟಕ್ಕೆ ತೊಂದರೆಯಿಲ್ಲ. ಹಸು ಮಾತ್ರ ಅಜ್ಜಿಯ ಹಟ. "ಸುಮ್ನೆ ಕುಂತ್ರೆ ಕಾಲು ಹಿಡ್ಕೊತವೆ" ಅಂದರು. ನಮ್ಮ ಸಾಗರದ ಗೆಳತಿ, "ಇಲ್ಲಿ ವಾಕಿಂಗ್ ಬರೋರೆಲ್ಲ ಅದಕ್ಕೇ ಬರೋದು ಅಜ್ಜಿ" ಅಂದಾಗ ಅವರು ಏರಿಯ ಮೇಲೆ ಕೈಬೀಸಿ ನಡೆಯುತ್ತಿದ್ದವರನ್ನು ನೋಡಿ ನಕ್ಕರು. "ಅವ್ರಿಗೂ ಒಂದೊಂದ್ ಹೊರೆ ಕೊಟ್ರೆ ಆಯ್ತಲ್ಲ!"

ಅಲ್ಲಿಂದ ಮುಂದೆ ದಾರಿ ಹಳ್ಳಿ ಮತ್ತು ಲೇಔಟ್‌ಗಳ ನಡುವೆ ನುಸುಳುತ್ತದೆ. ಒಂದು ತಿರುವಿನಲ್ಲಿ ಅರಳಿಕಟ್ಟೆ, ನಾಗರಕಲ್ಲು, ಮಾರಮ್ಮನ ಗುಡಿ, ಸೆಗಣಿ ವಾಸನೆ. ಮುಂದಿನ ತಿರುವಿನಲ್ಲಿ ಹದಿನೆಂಟು ಮಹಡಿಯ ಅಪಾರ್ಟ್‌ಮೆಂಟ್. ಅಂಥದೊಂದು ಬಡಾವಣೆಯ ಗೇಟಿನಲ್ಲಿ ನಮ್ಮನ್ನು ತಡೆದರು. ಒಳರಸ್ತೆಯಲ್ಲಿ ಹೋದರೆ ಮುಂದಿನ ಪಾರ್ಕು ಹತ್ತಿರ. "ಯಾವ ಫ್ಲ್ಯಾಟ್? ಡೆಲಿವರಿನಾ?" ಎಂದು ಸೆಕ್ಯುರಿಟಿಯವರು ರಿಜಿಸ್ಟರ್ ಮುಂದೆ ಚಾಚಿದರು. ಅದೇ ಹೊತ್ತಿಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗಂಟಿದ ಬಟ್ಟೆಯ ಸೈಕಲ್ ಸವಾರರೊಬ್ಬರು ಬಂದರು. ಗೇಟು ತಾನಾಗಿ ತೆರೆಯಿತು. ಅವರು ಅಲ್ಲಿಯ ನಿವಾಸಿಯೇ ಇರಬಹುದು, ನಮಗೆ ತಿಳಿಯದು. ಅವರಿಗೆ ಯಾವ ಫ್ಲ್ಯಾಟ್ ಎಂದು ಯಾರೂ ಕೇಳಲಿಲ್ಲ.

ನಮ್ಮ ಕೊಪ್ಪಳದವನು ಜಗಳ ಮಾಡಲಿಲ್ಲ. ಸೆಕ್ಯುರಿಟಿಯವರ ಮಾತಿನ ಧಾಟಿ ಹಿಡಿದು, "ಅಣ್ಣಾ, ಯಾವೂರ್ರೀ?" ಅಂದ. ಯಾದಗಿರಿ ಕಡೆಯವರು. ಹನ್ನೆರಡು ತಾಸಿನ ಡ್ಯೂಟಿ, ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತದೆ. "ನಂದೂ ಸೈಕಲ್ಲೇ ಐತ್ರೀ" ಎಂದು ಕ್ಯಾಬಿನ್ನಿನ ಹಿಂದೆ ತೋರಿಸಿದರು. ಹ್ಯಾಂಡಲ್ಲಿಗೆ ಟಿಫಿನ್ ಚೀಲ ಸಿಕ್ಕಿಸಿದ ಹಳೆಯ ಕರಿ ಸೈಕಲ್ಲು. ಅದನ್ನು ಮುಂದಿನ ಗೇಟಿನ ಹತ್ತಿರ ನಿಲ್ಲಿಸಬಾರದಂತೆ, ನೋಟ ಕೆಡುತ್ತದಂತೆ. "ನಾ ನಿಮ್ಮನ್ನ ಬಿಟ್ರ ನನ್ನ ಕೆಲ್ಸ ಹೋಕ್ಕೈತ್ರೀ" ಅಂದರು. ನಾವು ಸುತ್ತು ಹಾಕಿಕೊಂಡು ಹೋದೆವು.

ಆ ಸುತ್ತಿನ ಕೊನೆಯಲ್ಲಿ ಸಿಕ್ಕ ಒಂದು ಕೆರೆ ಪಾರ್ಕಿನ ಗೇಟಿನಲ್ಲಿ ಬೋರ್ಡು. ಸೈಕಲ್ ತರಬಾರದು. ದನಕರು ಬಿಡಬಾರದು. ಹುಲ್ಲು ಕೊಯ್ಯಬಾರದು. ಬಟ್ಟೆ ಒಗೆಯಬಾರದು. ಈಜಬಾರದು. ತಿಂಡಿ ತಿನ್ನಬಾರದು. ಸಿರಾದ ಗೆಳೆಯ ಅದನ್ನು ಎರಡು ಸಲ ಓದಿ, "ನಮ್ಮೂರಲ್ಲಿ ಕೆರೆ ಇರೋದೇ ಇದಕ್ಕಲ್ವೇನ್ರೋ" ಅಂದ.

ಈ ಮಾತನ್ನು ನಗೆಯಲ್ಲಿ ಬಿಡಲು ನಮಗೆ ಮನಸ್ಸಿಲ್ಲ. ಬೋರ್ಡು ಬರೆಸಿದವರ ಕಡೆಯಿಂದಲೂ ನೋಡಬೇಕು. ಬೇಲಿ ಇಲ್ಲದ ಕಾಲದಲ್ಲಿ ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಕಟ್ಟಡದ ಮಣ್ಣು ಬಂದು ಬಿದ್ದಿತ್ತು, ಅಂಚುಗಳು ಸೈಟುಗಳಾಗಿದ್ದವು. ಸುತ್ತಲಿನ ನಿವಾಸಿಗಳು ಅರ್ಜಿ ಹಿಡಿದು ಓಡಾಡಿದ್ದರಿಂದ, ಕೋರ್ಟಿಗೆ ಹೋದದ್ದರಿಂದ ಕೆಲವು ಕೆರೆಗಳಾದರೂ ಉಳಿದವು. ಹುಡುಗರು ಸೈಕಲ್ಲಿನಲ್ಲಿ ರೇಸು ಹೊಡೆದರೆ ಮಂಡಿ ನೋವಿನ ಹಿರಿಯರು ಎಲ್ಲಿ ನಡೆಯಬೇಕು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಕೆರೆಯನ್ನು ಉಳಿಸುವಾಗ ಕೆರೆಯವರನ್ನು ಹೊರಗಿಟ್ಟರೆ ಉಳಿದದ್ದು ಯಾರಿಗೆ? ಜಕ್ಕೂರಿನಲ್ಲಿ ಹುಲ್ಲು ಕೊಯ್ಯುವವರೂ ಹಕ್ಕಿ ನೋಡುವವರೂ ಒಂದೇ ದಂಡೆಯಲ್ಲಿರುವುದನ್ನು ಅದೇ ಬೆಳಿಗ್ಗೆ ನೋಡಿ ಬಂದಿದ್ದೆವು. ಹುಲ್ಲು, ಜೊಂಡು ಕೊಯ್ದಷ್ಟೂ ಅದು ಹೀರಿದ ಗೊಬ್ಬರದಂಶ ನೀರಿನಿಂದ ಹೊರಗೆ ಹೋಗುತ್ತದೆ. ಅಂದರೆ ಆ ಅಜ್ಜಿ ಸಂಬಳವಿಲ್ಲದೆ ಕೆರೆ ತೊಳೆಯುತ್ತಿದ್ದಾರೆ. ಅವರಿಗೆ ಬೇಡ ಎನ್ನುವ ಬೋರ್ಡು ಕೆರೆಗೂ ಒಳ್ಳೆಯದಲ್ಲ.

ನಿಯಮ ಬದಲಾಗುವುದೇ ಇಲ್ಲ ಎಂದೇನಿಲ್ಲ. ನಗರದ ಪಾರ್ಕುಗಳಿಗೆ ಮೊದಲು ನಡುಹಗಲಲ್ಲಿ ಬೀಗ ಬೀಳುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಪಾಲಿಕೆ ಹೇಳಿತು. ಅದರ ಫಲವನ್ನು ಮಧ್ಯಾಹ್ನ ಕಣ್ಣಾರೆ ಕಂಡೆವು. ನಾವು ಬುತ್ತಿ ಬಿಚ್ಚಲು ಕೂತ ಪುಟ್ಟ ಪಾರ್ಕಿನ ಹೊಂಗೆ ನೆರಳಲ್ಲಿ ಇಬ್ಬರು ಡೆಲಿವರಿ ಹುಡುಗರು ಚೀಲ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಒಬ್ಬ ಮನೆಗೆಲಸದಾಕೆ ಎರಡು ಮನೆಗಳ ನಡುವಿನ ಒಂದು ಗಂಟೆ ಕಳೆಯಲು ಬಂದು, ಮಗಳಿಗೆ ಫೋನಿನಲ್ಲಿ ಮಗ್ಗಿ ಹೇಳಿಸುತ್ತಿದ್ದರು. ವಾಕಿಂಗ್ ಬರುವವರ ಹೊತ್ತಲ್ಲ ಅದು. ನಗರದಲ್ಲಿ ಕೂರಲು ಬೇರೆಲ್ಲೂ ಜಾಗವಿಲ್ಲದವರ ಹೊತ್ತು.

ಬಿಸಿಲಿಳಿದ ಮೇಲೆ ಹೆಬ್ಬಾಳಕ್ಕೆ ಹೋಗಿ ಕಿತ್ತಯ್ಯನ ಕಲ್ಲು ನೋಡಿದೆವು. ಕ್ರಿ.ಶ. 750ರ ಸುಮಾರಿನ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲು. ಪೆರ್ಬೊಳಲು ನಾಡಿನ ಮೇಲೆ ದಾಳಿಯಾದಾಗ ಹೋರಾಡಿ ಸತ್ತ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ್ದು. ಆ ಪೆರ್ಬೊಳಲೇ ಇವತ್ತಿನ ಹೆಬ್ಬಾಳ. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನ ಎನ್ನುವ ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಈಗ ಅದಕ್ಕೊಂದು ಮಂಟಪವಿದೆ. ಫ್ಲೈಓವರ್ ಮೇಲೆ ಸಾವಿರ ಸಲ ದಾಟಿದವರಿಗೂ ಅದು ಕಾಣುವುದಿಲ್ಲ. ಹೆಬ್ಬಾಳ ಎಂದರೆ ಟ್ರಾಫಿಕ್ ಎಂದಷ್ಟೇ ಹೆಡ್ಡಿಂಗ್ ಕೊಟ್ಟು ರೂಢಿಯಾಗಿದ್ದ ನಮಗೆ, ಊರಿಗೆ ಇಷ್ಟು ಹಳೆಯ ಹೆಸರಿದೆ ಎಂಬುದು ಸೈಕಲ್ ಇಳಿದು ನಿಂತಾಗಲೇ ಮನಸ್ಸಿಗೆ ಇಳಿಯಿತು.

ನೀವೂ ಹೋಗುವುದಾದರೆ ಬೆಳಿಗ್ಗೆ ಆರಕ್ಕೆ ಮೊದಲೇ ಹೊರಡಿ. ಬೀಗ, ಪಂಪು, ನೀರಿನ ಬಾಟಲಿ ಮರೆಯಬೇಡಿ. ಸುತ್ತೆಲ್ಲ ಸೇರಿ 25 ಕಿಲೋಮೀಟರ್ ಆಗಬಹುದು, ಆತುರವಿಲ್ಲದಿದ್ದರೆ ಒಂದು ಇಡೀ ದಿನ. ಗೇಟಿನಲ್ಲಿ ತಡೆದರೆ ಬೋರ್ಡನ್ನು ಪೂರ್ತಿ ಓದಿ, ಕಾವಲಿನವರ ಊರು ಕೇಳಿ. ಹುಲ್ಲಿನ ಹೊರೆ ಹೊತ್ತವರು ಸಿಕ್ಕರೆ ಒಂದು ಕೈ ಕೊಡಿ. ಮುಂದಿನ ರಜೆ ಹೊಂದಿದ ದಿನ ನಾವು ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಕಡೆ ಹೊರಟಿದ್ದೇವೆ. ಚಾಮರಾಜನಗರದವನ ಹಿಂದಿನ ಟೈರು ಸವೆದಿದೆ, ಅಷ್ಟರಲ್ಲಿ ಬದಲಾಯಿಸಬೇಕು.