ಕತ್ತಲಕೋಣೆಯ ಹಸಿರು ಗೆರೆ

ವಾಯುಪಡೆಯ ವರ್ಕ್‌ಶಾಪಿನಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ಎನ್‌ಡಿಟಿ (ನಾನ್-ಡಿಸ್ಟ್ರಕ್ಟಿವ್ ಟೆಸ್ಟಿಂಗ್) ವಿಭಾಗದ ಕತ್ತಲಕೋಣೆ. ಒಳಗೆ ಕಾಲಿಟ್ಟ ಕೂಡಲೇ ಕೆಲಸ ಶುರು ಮಾಡುವಂತಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ನಿಮಿಷವಾದರೂ ಸುಮ್ಮನೆ ಕೂರಬೇಕು. ಬಿಸಿಲಿಗೆ ಕಪ್ಪಾಗುವ ಕನ್ನಡಕಕ್ಕೆ ಇಲ್ಲಿ ಪ್ರವೇಶವಿಲ್ಲ. ವಿಮಾನದ ಬಿಡಿಭಾಗವನ್ನು ಕತ್ತರಿಸದೆ, ಮುರಿಯದೆ ಅದರ ದೋಷ ಪತ್ತೆ ಮಾಡುವ ನಮಗೆ ಮೊದಲ ಉಪಕರಣ ಕಣ್ಣೇ.

ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡನ್ನೇ ನೋಡಿ. ಜಿಡ್ಡೆಲ್ಲ ಹೋಗುವಂತೆ ತೊಳೆದು ಒಣಗಿಸಿ ಪೆನೆಟ್ರಂಟ್ ದ್ರವ ಹಚ್ಚುತ್ತೇವೆ. ಕೂದಲೆಳೆಗಿಂತ ಸಣ್ಣ ಬಿರುಕಿದ್ದರೂ, ಬತ್ತಿ ಎಣ್ಣೆಯನ್ನು ಹೀರುವ ಹಾಗೆ, ಅದು ದ್ರವವನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೆ ಹತ್ತು ನಿಮಿಷವೋ ಅರ್ಧ ಗಂಟೆಯೋ ಬೇಕು. ವಿಮಾನ ಯಾವಾಗ ಸಿದ್ಧವೆಂದು ಹ್ಯಾಂಗರಿನಿಂದ ಎಷ್ಟು ಸಲ ಫೋನ್ ಬಂದರೂ ಆ ಹೊತ್ತನ್ನು ಮೊಟಕು ಮಾಡುವುದಿಲ್ಲ. ಆಮೇಲೆ ಮೇಲ್ಮೈ ತೊಳೆದು, ಒಣಗಿಸಿ, ಡೆವಲಪರಿನ ಬಿಳಿ ಪುಡಿ ಉದುರಿಸಿ, 365 ನ್ಯಾನೋಮೀಟರಿನ ನೇರಳಾತೀತ ದೀಪ ಹಿಡಿದರೆ, ಕಪ್ಪುನೇರಳೆ ಲೋಹದ ಮೇಲೆ ಹಳದಿಹಸಿರು ಗೆರೆಯೊಂದು ನಿಧಾನಕ್ಕೆ ಒಸರುತ್ತದೆ.

ಹೊಳೆದದ್ದೆಲ್ಲ ಬಿರುಕಲ್ಲ. ಬಟ್ಟೆಯ ನೂಲು, ಬೆರಳಚ್ಚು, ಸರಿಯಾಗಿ ತೊಳೆಯದ ಮೂಲೆ ಕೂಡ ಹೊಳೆಯುತ್ತವೆ. ಸಾಲ್ವೆಂಟಿನಲ್ಲಿ ತೋಯಿಸಿದ ಸಣ್ಣ ಬ್ರಷ್ಷಿನಿಂದ ಒಮ್ಮೆ ಸವರಿ, ಮತ್ತೆ ಡೆವಲಪರ್ ಹಾಕಿ ಕಾಯುತ್ತೇನೆ. ಕೊಳೆಯಾಗಿದ್ದರೆ ಅಲ್ಲಿಗೆ ಮುಗಿಯಿತು. ಬಿರುಕಾಗಿದ್ದರೆ ಗೆರೆ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಮತ್ತೆ ಮೂಡುತ್ತದೆ. ಆ ಕಾಯುವಿಕೆಯೇ ಈ ಕೆಲಸದಲ್ಲಿ ನನಗೆ ಬಲು ಇಷ್ಟ. ಹಿಂದೆ ರೈಲ್ವೆ ವರ್ಕ್‌ಶಾಪುಗಳಲ್ಲೂ ಹೀಗೇ ಕಾಯುತ್ತಿದ್ದರಂತೆ: ಸೀಮೆಎಣ್ಣೆ ಬೆರೆಸಿದ ಎಣ್ಣೆ ಹಚ್ಚಿ, ಒರೆಸಿ, ಸುಣ್ಣದ ಪುಡಿ ಬಳಿದು, ಎಲ್ಲಿ ಕಲೆ ಏಳುತ್ತದೆಂದು ನೋಡುತ್ತ.

ಲ್ಯಾಂಡಿಂಗ್ ಗೇರಿನ ಉಕ್ಕಿಗೆ ಅಯಸ್ಕಾಂತ ಪರೀಕ್ಷೆ, ಅಲ್ಯೂಮಿನಿಯಂ ರೆಕ್ಕೆಯ ರಿವೆಟ್ ತೂತುಗಳಿಗೆ ಎಡ್ಡಿ ಕರೆಂಟ್. ಅವೂ ಚೆಂದವೇ, ಆದರೆ ಮನಸ್ಸು ಕತ್ತಲಕೋಣೆಗೇ ಮರಳುತ್ತದೆ.

ಕಣ್ತಪ್ಪಿದ ಬಿರುಕು ಏನು ಮಾಡಬಲ್ಲದು? 1969ರ ಡಿಸೆಂಬರಿನಲ್ಲಿ ಅಮೆರಿಕದ ನೆವಾಡಾದಲ್ಲಿ ಎಫ್-111 ಯುದ್ಧವಿಮಾನವೊಂದರ ರೆಕ್ಕೆ ಹಾರಾಟದಲ್ಲೇ ಕಳಚಿ ಇಬ್ಬರೂ ವೈಮಾನಿಕರು ಸತ್ತರು. ರೆಕ್ಕೆಯ ಕೀಲಿನ ಉಕ್ಕಿನಲ್ಲಿ, ತಯಾರಾಗುವಾಗಲೇ ಹುಟ್ಟಿದ್ದ ಬಿರುಕು ಎಲ್ಲ ತಪಾಸಣೆಗಳನ್ನೂ ದಾಟಿ ಬಂದಿತ್ತು. ಹೊಚ್ಚಹೊಸ ಲೋಹದಲ್ಲೂ ಬಿರುಕು ಇದ್ದೇ ಇದೆ ಎಂದುಕೊಂಡು ವಿನ್ಯಾಸ ಮಾಡುವ, ಅದು ಬೆಳೆಯುವ ಮೊದಲೇ ಹುಡುಕುವ ಪದ್ಧತಿ ಅಮೆರಿಕದ ವಾಯುಪಡೆಯಲ್ಲಿ ಬೇರೂರಿದ್ದು ಆ ನಂತರ.

ಗೆರೆ ಮೂಡಿದ ಬ್ಲೇಡಿಗೆ ಕೆಂಪು ಟ್ಯಾಗ್ ಕಟ್ಟಿ, ಬಿರುಕಿನ ಜಾಗ, ಉದ್ದ ಬರೆದು ಸಹಿ ಹಾಕುತ್ತೇನೆ. ಗೆರೆ ಮೂಡದ ಬ್ಲೇಡಿಗೂ ನನ್ನ ಸಹಿ ಬೇಕು. ಅದನ್ನು ಹಾಕುವಾಗ ಕೈ ಇನ್ನೂ ನಿಧಾನ; ಹಾರುವುದು ಆ ಬ್ಲೇಡು.