ಬಯಲಲ್ಲಿ ಭರಣಿ ಮಳೆ

ದೂರದ ಓಟವನ್ನು ಅಭ್ಯಾಸ ಮಾಡುವವನಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಎದುರಾಗುವ ಮೊದಲ ಪ್ರಶ್ನೆ, "ಯಾರಪ್ಪಾ ಅಟ್ಟಿಸ್ಕೊಂಡು ಬಂದೋರು?" ಎಂಬುದು. ಬಸ್ಸು ತಪ್ಪಿದವನು, ಕಳ್ಳ, ಹುಚ್ಚುನಾಯಿಗೆ ಹೆದರಿದವನು, ಈ ಮೂವರನ್ನು ಬಿಟ್ಟರೆ ಓಡಲು ಯಾರಿಗೂ ಕಾರಣವಿರದೆಂಬುದು ಅರಳಿಕಟ್ಟೆಯ ಹಿರಿಯರ ಖಚಿತವಾದ ಅಭಿಪ್ರಾಯ. ಇಪ್ಪತ್ತು ಕಿಲೋಮೀಟರು ಓಡಿ, ಏನನ್ನೂ ತರದೆ, ಹೊರಟಲ್ಲಿಗೇ ಹಿಂತಿರುಗುವ ಮನುಷ್ಯನನ್ನು ಅವರು ಕನಿಕರದಿಂದ ನೋಡುತ್ತಾರೆ. ಆ ಕನಿಕರವನ್ನು ನಾನೂ ನನ್ನ ಮಿತ್ರನೂ ಎರಡು ವರ್ಷಗಳಿಂದ ಧಾರಾಳವಾಗಿ ಅನುಭವಿಸಿದ್ದೇವೆ. ಅಂತರ ಕಾಲೇಜು ಗುಡ್ಡಗಾಡು ಓಟಕ್ಕೆ ನಮ್ಮಿಬ್ಬರ ಹೆಸರೂ ಇದ್ದುದರಿಂದ, ವಾರಕ್ಕೊಂದು ಸಂಜೆ ಚಿತ್ರದುರ್ಗದಿಂದ ಚಳ್ಳಕೆರೆಯ ದಿಕ್ಕಿಗೆ 10 ಕಿಲೋಮೀಟರು ಓಡಿ ಹಿಂತಿರುಗುವುದು ನಮ್ಮ ನಿಯಮ.

ಆ ದಾರಿಯಲ್ಲಿ ಓಟಗಾರನ ಶತ್ರು ಬಿಸಿಲೇ ಹೊರತು ಮಳೆಯಲ್ಲ. ಚಳ್ಳಕೆರೆಯ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಭಾಗಗಳಲ್ಲೊಂದು. ಆದರೆ ಏಪ್ರಿಲ್ ಕೊನೆಯಲ್ಲಿ ಸೂರ್ಯನು ಭರಣಿ ನಕ್ಷತ್ರಕ್ಕೆ ಬಂದನೆಂದರೆ, ಹಗಲೆಲ್ಲ ಕಾದ ನೆಲದ ಬಿಸಿಗಾಳಿ ಮೇಲಕ್ಕೇರಿ, ಮಧ್ಯಾಹ್ನ ಕಳೆಯುವ ಹೊತ್ತಿಗೆ ಗುಡ್ಡದಷ್ಟು ಎತ್ತರದ ಮೋಡಗಳಾಗಿ ನಿಲ್ಲುತ್ತದೆ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ ರೈತರು. ಧರಣಿಯ ಮೇಲೆ ಬನಿಯನ್ನು ಚಡ್ಡಿಗಳಲ್ಲಿ ಓಡುತ್ತಿರುವವರ ಗತಿಯೇನೆಂದು ಗಾದೆ ಹೇಳುವುದಿಲ್ಲ.

ಮೇ ತಿಂಗಳ ಮೊದಲ ವಾರದ ಆ ಸಂಜೆ ನಾವು ಹೊರಟಾಗ ನೆತ್ತಿಯ ಮೇಲೆ ನಿರ್ಮಲವಾದ ಆಕಾಶವಿತ್ತು. 9 ಕಿಲೋಮೀಟರು ಮುಗಿಯುವ ವೇಳೆಗೆ ಮೂಡಲಿಂದ ಮಣ್ಣಿನ ವಾಸನೆ ಹೊತ್ತ ತಣ್ಣನೆಯ ಗಾಳಿ ಒಮ್ಮೆಗೇ ಎದೆಗೆ ಬಡಿಯಿತು. ಮಿತ್ರನು, "ಆಹಾ, ಪುಣ್ಯ!" ಎಂದು ಕೈಚಾಚಿದನು. ಅವನ ಮಾತು ಮುಗಿಯುವಷ್ಟರಲ್ಲಿ ಮಿಂಚಿತು. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ದೂರವೆಂಬುದು ಭೌತಶಾಸ್ತ್ರದ ಪಾಠ. ಮೊದಲನೆಯದಕ್ಕೆ 30 ಎಣಿಸಿದೆ, ಎಂದರೆ ಹತ್ತು ಕಿಲೋಮೀಟರು. ನಾಲ್ಕನೆಯದಕ್ಕೆ 5 ಎಣಿಸುವಷ್ಟರಲ್ಲಿ ಗುಡುಗು ಕಿವಿಗೆ ಬಿತ್ತು. ಕೂಡಲೇ ಆಲಿಕಲ್ಲು ಶುರುವಾಯಿತು.

ಎತ್ತ ನೋಡಿದರೂ ಉತ್ತ ಹೊಲ, ಬೋಳು ಬಯಲು. ಅದರಲ್ಲಿ ಎದ್ದು ಕಾಣುತ್ತಿದ್ದುದು ಒಂದೇ ಒಂದು ಹುಣಸೆಮರ, ಮತ್ತು ನಾವಿಬ್ಬರು. ಮಿತ್ರನು ಮರದತ್ತ ತಿರುಗಿದನು. ಆಗ ಎಡಗಡೆಯ ತಗ್ಗಿನಿಂದ ಒಂದು ಕೂಗು ಕೇಳಿಸಿತು: "ಮರದ ತಾವ ಹೋಗಬ್ಯಾಡ್ರಪ್ಪೋ! ಇತ್ಲಾಗ್ ಬರ್ರೀ!"

ಕಂಬಳಿಯ ಕೊಪ್ಪೆ ಹಾಕಿಕೊಂಡ ಒಬ್ಬ ಕುರಿಗಾಹಿ ಅಲ್ಲಿ ಕುಳಿತಿದ್ದನು. ಅವನ ಕುರಿಗಳು ಮರದಿಂದ ಬಲು ದೂರದಲ್ಲಿ, ತಲೆ ತಗ್ಗಿಸಿ ನಿಂತಿದ್ದವು. ನಾವು ತಗ್ಗಿಗೆ ಇಳಿದೆವು. ಮಿತ್ರನು ಮಲಗಲು ಹೋದಾಗ ಯಜಮಾನನು ಗದರಿದನು: "ಮಲಗಬ್ಯಾಡ ತಮ್ಮಾ. ಕುಕ್ಕರಗಾಲಲ್ಲಿ ಕೂತ್ಕೊ. ಎರಡೂ ಕಾಲು ಕೂಡಿಸ್ಕೊ."

ಈ ಮಾತಿನ ಅರ್ಥವನ್ನು ನಾನು ಅನಂತರ ಪುಸ್ತಕಗಳಲ್ಲಿ ಓದಿ ತಿಳಿದೆನು. ಸಿಡಿಲು ಮರಕ್ಕೆ ಬಡಿದು ಅಲ್ಲಿಗೇ ಮುಗಿಯುವುದಿಲ್ಲ. ಬೇರಿನ ಮೂಲಕ ಸುತ್ತಲ ನೆಲದಲ್ಲಿ ಹರಡುತ್ತದೆ. ಕಾಲುಗಳು ಅಗಲವಾಗಿದ್ದಷ್ಟೂ ಅದು ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯಲು ಅನುಕೂಲ. ನಾಲ್ಕು ಕಾಲಿನ ಪ್ರಾಣಿಗಳು ಹಿಂಡುಹಿಂಡಾಗಿ ಸಾಯುವುದು ಇದರಿಂದಲೇ. 2016ರ ಆಗಸ್ಟಿನಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಸಿಡಿಲಿನ ಹೊಡೆತಕ್ಕೆ ಒಟ್ಟಿಗೇ ಸತ್ತುಬಿದ್ದವು. ನಮ್ಮ ದೇಶದಲ್ಲಿ ಸಿಡಿಲಿಗೆ ಪ್ರತಿವರ್ಷವೂ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಹೆಚ್ಚಿನವರು ಹೊಲದಲ್ಲಿ ದುಡಿಯುವವರು.

ಹೀಗೆ ಸಿಡಿಲಿನಿಂದ ಮರೆಯಾದೆವು. ಆದರೆ ಅಷ್ಟರಲ್ಲಿ ಇನ್ನೊಂದು ವಿಪತ್ತು ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕುಳಿತಿತ್ತು. ಓಡುತ್ತಿರುವ ದೇಹ ಒಂದು ಒಲೆ. ಓಟ ನಿಂತೊಡನೆ ಒಲೆ ಆರುತ್ತದೆ. ಮೈಮೇಲಿನ ಒದ್ದೆ ಬಟ್ಟೆಯಾದರೋ ಶಾಖವನ್ನು ಹೀರುತ್ತಲೇ ಇರುತ್ತದೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸಬಲ್ಲುದು. ಸಿಡಿಲು 'ನಿಲ್ಲು' ಎನ್ನುತ್ತದೆ, ಚಳಿ 'ಓಡು' ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವ ವಿದ್ಯೆಯನ್ನು ಯಾವ ತರಬೇತುದಾರರೂ ನಮಗೆ ಕಲಿಸಿರಲಿಲ್ಲ.

ಮಿತ್ರನ ಹಲ್ಲುಗಳು ಕಟಕಟಿಸಿದವು. ಸ್ವಲ್ಪ ಹೊತ್ತಿಗೆ ಅವನ ಮಾತು ತೊದಲಿತು. "ಎಷ್ಟು ದೂರ ಬಂದೆವೋ?" ಎಂದು ಕೇಳಿದರೆ, "ನಿದ್ದೆ ಬರ್ತಿದೆ ಕಣೋ" ಎಂದನು. ಶೂ ದಾರ ಕಟ್ಟಲು ಅವನ ಬೆರಳುಗಳು ಆಡಲಿಲ್ಲ. ನನಗೆ ಗುಡುಗಿಗಿಂತ ಹೆಚ್ಚು ಭಯವಾದುದು ಆ ಮೆತ್ತಗಿನ ಉತ್ತರ ಕೇಳಿ. ಯಜಮಾನನು ಅವನ ಮುಖವನ್ನು ಒಮ್ಮೆ ನೋಡಿ, ಒಂದು ಮಾತೂ ಆಡದೆ ತನ್ನ ಕಂಬಳಿಯನ್ನು ಬಿಚ್ಚಿ ಅವನಿಗೆ ಸುತ್ತಿದನು. ನನ್ನನ್ನೂ ಅದರೊಳಕ್ಕೆ ನೂಕಿ, ಬುತ್ತಿಯಿಂದ ರೊಟ್ಟಿಯ ಚೂರುಗಳನ್ನು ತೆಗೆದು, "ಅಗೀತಾ ಇರ್ರಿ, ಮಾತಾಡಿಸ್ತಾ ಇರು ಅವನ್ನ" ಎಂದನು. ತಾನು ಬರಿಯ ಅಂಗಿಯಲ್ಲಿ ಕುಳಿತು ಆಲಿಕಲ್ಲನ್ನು ಬೆನ್ನ ಮೇಲೆ ತೆಗೆದುಕೊಂಡನು.

ಚಳ್ಳಕೆರೆಯ ಕಂಬಳಿಗೆ ದೊಡ್ಡ ಹೆಸರಿದೆ. ಚುಚ್ಚುತ್ತದೆ, ಕುರಿಯ ವಾಸನೆ ಹೊಡೆಯುತ್ತದೆ ಎಂದು ನಮ್ಮಂಥ ಓದಿದವರು ಅದನ್ನು ಮೂಲೆಗೆ ಹಾಕಿದ್ದೇವೆ. ಒದ್ದೆಯಾದ ಹತ್ತಿಬಟ್ಟೆ ಮೈಗಂಟಿ ತಣ್ಣಗಾಗುವಾಗ, ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಹೀರಿಕೊಂಡೂ ಒಳಗಿನ ಗಾಳಿಯನ್ನು ಬಿಟ್ಟುಕೊಡುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಮಳೆ ತೆರವಾಯಿತು. ಮಿತ್ರನು, "ಈ ರೊಟ್ಟಿಗೆ ಚಟ್ನಿ ಇಲ್ಲವೇ?" ಎಂದಾಗ ನನಗೆ ಹೋದ ಜೀವ ಬಂದಂತಾಯಿತು.

ಇಂಥದೇ ಮಳೆಗೆ 2021ರ ಮೇ 22ರಂದು ಚೀನದ ಗಾನ್ಸು ಪ್ರಾಂತದಲ್ಲಿ ಮಹಾ ಅನಾಹುತವಾಯಿತು. 100 ಕಿಲೋಮೀಟರಿನ ಬೆಟ್ಟದ ಓಟಕ್ಕೆ ಹೊರಟ 172 ಮಂದಿಯ ಮೇಲೆ ಆಲಿಕಲ್ಲು, ಹಿಮಗಾಳಿ ಎರಗಿ 21 ಜನ ಚಳಿಗೆ ಸತ್ತರು. ಆ ದೇಶದ ಅಗ್ರಗಣ್ಯ ಓಟಗಾರನಾದ ಲಿಯಾಂಗ್ ಜಿಂಗ್ ಅವರಲ್ಲೊಬ್ಬ. ಬೆಟ್ಟದ ಗುಹೆಯಲ್ಲಿ ಆಶ್ರಯ ಪಡೆದಿದ್ದ ಝು ಕೆಮಿಂಗ್ ಎಂಬಾತನು ಆರು ಜನರನ್ನು ಒಳಕ್ಕೆ ಕರೆದು, ಬೆಂಕಿ ಹಾಕಿ ಉಳಿಸಿದನು. ಆತನೂ ಕುರಿಗಾಹಿಯೇ! ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬಯಲಿನಲ್ಲಿ ದೂರವನ್ನು ಅಳೆಯುವವರು ನಾವು. ಅಲ್ಲಿ ಬದುಕುವವರು ಅವರು.

ಆ ಹುಣಸೆಮರಕ್ಕೆ ಅಂದು ಸಿಡಿಲು ಬಡಿಯಲಿಲ್ಲವೆಂಬುದನ್ನು ಸತ್ಯದ ದೃಷ್ಟಿಯಿಂದ ಹೇಳಬೇಕು. ಅದು ಇಂದಿಗೂ ಹಸುರಾಗಿ ನಿಂತಿದೆ. ಮಿತ್ರನು ಈಗಲೂ, "ನೋಡು, ಅಲ್ಲೇ ನಿಲ್ಲಬಹುದಿತ್ತು" ಎಂದು ನನ್ನನ್ನು ಕೆಣಕುತ್ತಾನೆ. ಬಿದ್ದ ಸಿಡಿಲಿಗೆ ಸಾಕ್ಷಿಯುಂಟು; ಬೀಳದ ಸಿಡಿಲಿಗೆ ಸಾಕ್ಷಿ ಹೇಳುವವರಾರು? ಜಾಗರೂಕತೆಗೆ ಪದಕವಿಲ್ಲದಿರುವುದೂ ಇದಕ್ಕೇ ಇರಬೇಕು.

ನಮ್ಮ ಅಭ್ಯಾಸದ ಪುಸ್ತಕದಲ್ಲಿ ಆ ದಿನದ ಮುಂದೆ '9 ಕಿ.ಮೀ., ಅಪೂರ್ಣ' ಎಂದಿದೆ. ನಮ್ಮ ನಂತರ ಆ ದಾರಿಯಲ್ಲಿ ಓಡುವ ತಮ್ಮಂದಿರಿಗೆ ಒಂದು ಮಾತು. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ 'ದಾಮಿನಿ' ಆ್ಯಪು ಸಿಡಿಲಿನ ಮುನ್ಸೂಚನೆಯನ್ನು ಮೊಬೈಲಿಗೇ ಕೊಡುತ್ತದೆ. ಹೊರಡುವ ಮುನ್ನ ಅದನ್ನು ನೋಡಿರಿ. ದಾರಿಯಲ್ಲಿ ಕುರಿಹಿಂಡು ಕಂಡರೆ ಒಂದು ಗಳಿಗೆ ನಿಂತು, "ಯಜಮಾನರೇ, ಮಳೆ ಹೆಂಗೈತೆ?" ಎಂದೂ ಕೇಳಿರಿ. ಅವರು ಮೊದಲು ನಿಮ್ಮನ್ನು ಅಟ್ಟಿಸಿಕೊಂಡು ಬಂದವರಾರೆಂದು ವಿಚಾರಿಸುವರು. ಬೇಸರಪಡದೆ ಉತ್ತರ ಹೇಳಿರಿ.